ಲಿಂಕಿನ ಬಾಲ

ಟೀಚರ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಾಣೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ವ್ಯಾನಿಟಿ ಬ್ಯಾಗಿನ ಮೇಲೆ, ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ, ಅವು ಟೈಪು ಮಾಡುತ್ತಲೇ ಇರುತ್ತಿದ್ದವು. ಉಗುರಿನ ಸಂದಿಯಲ್ಲಿ ರಿಬ್ಬನ್ನಿನ ಕಪ್ಪು.

ಪಿಯುಸಿ ಮುಗಿಸಿ ಅವರಲ್ಲಿ ಟೈಪಿಂಗ್ ಕಲಿಯಲು ಹೋದವಳು ಅಲ್ಲೇ ಕೆಲಸಕ್ಕೆ ನಿಂತೆ. ಗಂಡನ ಪೆಟ್ಟು ತಾಳಲಾರದೆ ಚಿಕ್ಕಮಗಳೂರು ಬಿಟ್ಟು, ಯಾರಿಗೂ ತಿಳಿಯದಂತೆ ಇಲ್ಲಿಗೆ ಬಂದವರು ಅವರು. ಮಗಳನ್ನು ಆ ಮನೆಯವರು ಕೊಡಲಿಲ್ಲ. ತಾಯಿಯ ಸುದ್ದಿ ಸುಳಿದರೂ ಹುಡುಗಿಯ ಓದು ನಿಲ್ಲಿಸುತ್ತೇವೆಂದು ಹೆದರಿಸಿದ್ದರು. ಇದನ್ನೆಲ್ಲ ಟೀಚರು ಅತ್ತು ಹೇಳಿದ್ದಲ್ಲ. ಹಾಳೆಗಳ ನಡುವೆ ಕಾರ್ಬನ್ ಜೋಡಿಸುತ್ತ, ಮಳೆ ನಿಂತಿತಾ ಎಂದು ಕೇಳುವಂಥ ದನಿಯಲ್ಲಿ ಹೇಳಿದ್ದು.

ಮಗಳಿಗೆ ಬರೆದ ಕಾಗದವನ್ನು ಅವರು ಮೂಡಿಗೆರೆಯಲ್ಲಿ ಪೋಸ್ಟ್ ಮಾಡುತ್ತಿರಲಿಲ್ಲ. ಮಗಳ ಗೆಳತಿಯ ವಿಳಾಸ ಬರೆದು, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಕಳಸದಲ್ಲಿ ಡಬ್ಬಿಗೆ ಹಾಕಿಸುತ್ತಿದ್ದರು. ಕವರಿನ ಮೇಲೆ ಕಳಸದ ಸೀಲು ಬಿದ್ದರೆ ಹುಡುಕುವವರು ಅಲ್ಲೇ ಹುಡುಕಿಕೊಳ್ಳಲಿ ಎಂದು. "ಹೆಜ್ಜೆ ಅಳಿಸ್ಕೊಂಡೇ ನಡೀಬೇಕು ಮಾರಾಯ್ತಿ" ಎನ್ನುತ್ತಿದ್ದರು.

ಟೈಪ್‌ರೈಟರುಗಳು ಮೂಲೆ ಸೇರಿ ನಮ್ಮದು ಇಂಟರ್‌ನೆಟ್ ಸೆಂಟರ್ ಆದಾಗ ಅವರಷ್ಟು ಖುಷಿಪಟ್ಟವರು ಊರಲ್ಲಿ ಯಾರೂ ಇರಲಿಲ್ಲ. ಇ-ಮೇಲಿಗೆ ಅಂಚೆ ಸೀಲು ಬೀಳುವುದಿಲ್ಲವಲ್ಲ! ಹೆಸರು ತಿಳಿಯದಂಥ ಒಂದು ಮೇಲ್ ಐಡಿ ಮಾಡಿಕೊಂಡರು. ಕಾಲೇಜು ಸೇರಿದ್ದ ಮಗಳ ಹುಟ್ಟುಹಬ್ಬಕ್ಕೆ ಗ್ರೀಟಿಂಗ್ ಕಾರ್ಡುಗಳ ವೆಬ್‌ಸೈಟಿನಲ್ಲಿ ಚೆಂದದ್ದೊಂದು ಆರಿಸಿ, ಅದರ ಲಿಂಕನ್ನಷ್ಟೇ ಅವಳ ಮೇಲಿಗೆ ಕಳಿಸಿದರು. ಹೆಸರು ಬರೆಯಲಿಲ್ಲ, ಊರು ಬರೆಯಲಿಲ್ಲ.

ಆದರೆ ಆ ವೆಬ್‌ಸೈಟಿಗೆ ಸೇರುವಾಗ ನಿಜವಾದ ಹೆಸರು, ಊರು ಕೊಟ್ಟಿದ್ದರು. ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಅಂಟಿಕೊಂಡಿದ್ದ ಅಕ್ಷರ-ಅಂಕಿಗಳ ಉದ್ದನೆಯ ಬಾಲವೇ ಕಳಿಸಿದವರ ಗುರುತು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದವನು ಮಗಳ ಅಪ್ಪ. ಕಾರ್ಡಿನ ಅಡಿಯಲ್ಲಿ ಟೀಚರ ಹೆಸರೂ ಮೂಡಿಗೆರೆಯ ಹೆಸರೂ ಬಂದಿದ್ದವು.

ವಾರದೊಳಗೆ ಜೀಪೊಂದು ಬಂದು ನಿಂತಿತು. ಆ ಮನುಷ್ಯ ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು, "ಮಗಳ್ನ ಕಾಲೇಜು ಬಿಡ್ಸಿದೀನಿ. ಇದು ನೀನು ಮಾಡಿದ್ದು" ಎಂದು ಹೇಳಿ ಹೋದ. ಅವನ ಬಾಯಿಗೆ ಮಣ್ಣು ಬೀಳ! ಮಾಡಿದವನು ಅವನು. ಟೀಚರು ಮಾತ್ರ ಅವನ ಮಾತನ್ನೇ ನಂಬಿದರು. ಮಗಳ ಮೇಲ್ ಐಡಿ ನಿಂತುಹೋಯಿತು. ಅವಳಿಗೆ ಮದುವೆಯಾಯಿತಂತೆ ಎಂಬುದು ಯಾರದೋ ಬಾಯಿಂದ ಕಿವಿಗೆ ಬಿತ್ತು.

ಅಂದಿನಿಂದ ನಮ್ಮಲ್ಲಿ ಯಾರು ಲಿಂಕು ಕಳಿಸಿದರೂ ಟೀಚರು ಬೆನ್ನ ಹಿಂದೆ ಬಂದು ನಿಲ್ಲುವರು. "ಬಾಲ ಕೊಯ್ದು ಕಳ್ಸಿ. ಪುಟ ತೆರೀತದೆ, ಅಷ್ಟು ಸಾಕು." ಕಾಫಿ ದರದ ಪುಟ ಕಳಿಸಲು ಬರುತ್ತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳನ್ನೂ ಬಿಡುತ್ತಿರಲಿಲ್ಲ. ಅವರು ಹೊರಗೆ ಹೋಗಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಯಿಲೆಯಿಂದ ಅವರು ಹಾಸಿಗೆ ಹಿಡಿದ ಕಾಲಕ್ಕೆ, ಮಗಳ ಆ ಹಳೆಯ ಗೆಳತಿಯಿಂದ ಅವಳ ಹೊಸ ಮೇಲ್ ವಿಳಾಸ ಸಿಕ್ಕಿತು. ಮಂಚದ ಪಕ್ಕಕ್ಕೇ ಕಂಪ್ಯೂಟರು ತಂದಿಟ್ಟೆ. ಅದೇ ಕಾರ್ಡನ್ನು ಮತ್ತೆ ಕಳಿಸು ಎಂದರು. ನಾನು ಅಭ್ಯಾಸದಂತೆ ಬಾಲ ಅಳಿಸಲು ಹೋದೆ. ಅವರು ನನ್ನ ಕೈ ಹಿಡಿದರು.

"ಬೇಡ, ಇರ್ಲಿ. ನಾನೇ ಅಂತ ಅವಳಿಗೆ ಗೊತ್ತಾಗ್ಲಿ. ಎಲ್ಲಿದೀನಿ ಅಂತಾನೂ."

ಹಾಗೇ ಕಳಿಸಿದೆ. ದಿನಾ ಬೆಳಿಗ್ಗೆ ಉತ್ತರ ಬಂತಾ ಎಂದು ಕೇಳುವರು. ಬೆರಳುಗಳು ಕಂಬಳಿಯ ಮೇಲೆ ಆಡುತ್ತಿದ್ದವು. ಒಂದು ಬೆಳಿಗ್ಗೆ ನಿಂತವು.

ತಿಥಿ ಕಳೆದ ಮೇಲೆ ಅವರ ಮೇಲ್ ಮುಚ್ಚಿಬಿಡೋಣವೆಂದು ತೆರೆದೆ. ವೆಬ್‌ಸೈಟಿನಿಂದ ಒಂದು ಸಾಲು ಬಂದಿತ್ತು: ನೀವು ಕಳಿಸಿದ ಕಾರ್ಡನ್ನು ತೆರೆದು ನೋಡಲಾಗಿದೆ. ಅದೂ ಆ ಬಾಲದ್ದೇ ಕೆಲಸ. ದಿನ ನೋಡಿದರೆ, ಟೀಚರು ಹೋದ ಮಾರನೆಯ ದಿನ. ಅದರ ಮೇಲೆ ಇನ್ನೊಂದು ಸಾಲು, ಮತ್ತೊಂದು. ನಾನು ಮೇಲ್ ತೆರೆದ ಆ ಬೆಳಿಗ್ಗೆಯದೂ ಇತ್ತು. ಮಗಳು ಆ ಕಾರ್ಡನ್ನು ದಿನವೂ ತೆರೆದು ನೋಡುತ್ತಿದ್ದಳು.

ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ.