ನೋವಿಲ್ಲ ಅಂದ ಕೈ

ಕುರಿಗೆ ಗಾಯವಾದ ಮೇಲೇ ನನ್ನ ಕೈ ಕೆಟ್ಟಿದೆ ಎಂದು ನನಗೆ ತಿಳಿದದ್ದು.

ಎಪ್ಪತ್ತಾರನೇ ಇಸವಿಯ ಬೇಸಿಗೆ. ನಮ್ಮೂರು ಯಲ್ಲದಕೆರೆಯಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದೆ. ಬಲಗೈಯಲ್ಲಿ ಕತ್ತರಿ ಆಡುವಾಗ ಎಡ ಅಂಗೈಯನ್ನು ಕುರಿಯ ಹೊಟ್ಟೆಯ ಮೇಲೆ ಚಪ್ಪಟೆಯಾಗಿ ಒತ್ತಿ ಚರ್ಮವನ್ನು ಬಿಗಿಯಾಗಿ ಹಿಡಿಯಬೇಕು. ಅವತ್ತು ಅಂಗೈ ಕೂರಲೇ ಇಲ್ಲ. ಉಂಗುರದ ಬೆರಳು ಒಳಕ್ಕೆ ಬಾಗಿ ನಿಂತುಬಿಟ್ಟಿತ್ತು. ಚರ್ಮ ಮಡಿಚಿಕೊಂಡಿತು, ಕತ್ತರಿ ಕಚ್ಚಿತು. ಕುರಿಗೆ ಗಾಯ ಮಾಡಿದ್ದು ಅದೇ ಮೊದಲು ಎಂದರೆ ಸುಳ್ಳಾಗುತ್ತದೆ. ಒಂದೇ ದಿನ ನಾಲ್ಕು ಕುರಿಗೆ ಮಾಡಿದ್ದು ಮಾತ್ರ ಮೊದಲು.

ಆ ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಗಂಟೊಂದು ಎರಡು ವರ್ಷದಿಂದ ಇತ್ತು. ಕೋಲು ಹಿಡಿಯುವ ಕೈ, ಜಡ್ಡುಗಟ್ಟಿದೆ ಎಂದುಕೊಂಡಿದ್ದೆ. ಈಗ ಗಂಟಿನಿಂದ ಬೆರಳಿನವರೆಗೆ ಹುರಿಯಂಥ ಒಂದು ಎಳೆ ಎದ್ದಿತ್ತು. ನನಗೆ ಗೊತ್ತಿದ್ದದ್ದು ಕುರಿ ವೈದ್ಯ. ಮರಿ ಕಾಲು ಮುರಿದುಕೊಂಡರೆ ಹೇಗೋ ಹಾಗೆ ಬಿದಿರಿನ ದಬ್ಬೆ ಇಟ್ಟು, ಬೆರಳನ್ನು ಎಳೆದು ನೆಟ್ಟಗೆ ಮಾಡಿ, ಉಣ್ಣೆ ದಾರದಿಂದ ಬಿಗಿದೆ. ಎಂಟು ದಿನ ಬಿಟ್ಟು ಬಿಚ್ಚಿದಾಗ ಅಂಗೈ ಬಿರಿದಿತ್ತು. ಬೆರಳು ಇನ್ನಷ್ಟು ಒಳಕ್ಕೆ ಹೋಯಿತು.

ಆಮೇಲೆ ನೋವು ಶುರುವಾಯಿತು.

ಮುಷ್ಟಿ ಹಿಡಿದರೆ ಪರವಾಗಿಲ್ಲ. ಬಿಡಿಸಲು ಹೋದರೆ ಮೊಣಕೈವರೆಗೆ ಸೆಳೆಯುತ್ತದೆ. ಮುಖ ತೊಳೆಯಲು ಹೋದರೆ ನನ್ನ ಬೆರಳೇ ನನ್ನ ಕಣ್ಣಿಗೆ ಚುಚ್ಚುತ್ತದೆ. ಅಂಗಿ ಜೇಬಿಗೆ ಹೋದ ಕೈ ಹೊರಗೆ ಬರುವುದಿಲ್ಲ. ಮುದ್ದೆ ಮುರಿಯುವುದು ಬಲಗೈಯಲ್ಲಿ, ಅದೊಂದು ಪುಣ್ಯ. ಇದನ್ನೆಲ್ಲ ನಾನು ಯಾರಿಗೂ ಹೇಳಲಿಲ್ಲ. ಟಗರು ಗುದ್ದಿ ಪಕ್ಕೆ ಮುರಿದರೂ ನಗುವ ಜನ ನಮ್ಮವರು. ಅವರ ಮುಂದೆ ಒಂದು ಬೆರಳಿಗೆ ಅಯ್ಯೋ ಅನ್ನಲೇ?

ನಮ್ಮಲ್ಲಿ ಉಣ್ಣೆ ಕತ್ತರಿಸುವುದು ಮುಯ್ಯಿ. ಇವತ್ತು ನಿನ್ನ ರೊಪ್ಪಕ್ಕೆ, ಕುರಿ ಕೂಡುವ ದೊಡ್ಡಿಗೆ, ನಾನು ಬಂದರೆ ನಾಳೆ ನನ್ನ ರೊಪ್ಪಕ್ಕೆ ನೀನು ಬರಬೇಕು. ಹತ್ತು ಹನ್ನೆರಡು ಜನ ಸಾಲಾಗಿ ಕುಂತು ಕತ್ತರಿಸುತ್ತೇವೆ, ಒಟ್ಟಿಗೆ ಉಣ್ಣುತ್ತೇವೆ. ಆ ಸಾಲಿನಲ್ಲಿ ಜಾಗ ಇಲ್ಲದವನಿಗೆ ಊರಿನಲ್ಲಿ ಇದ್ದೂ ಊರಿಲ್ಲ.

ಅದೇ ಬೇಸಿಗೆ ದೊಡ್ಡಪ್ಪನ ರೊಪ್ಪದಲ್ಲಿ ಮುಯ್ಯಿ. ದೊಡ್ಡಪ್ಪ ಎಂದರೆ ನನ್ನ ಕೈಗೆ ಮೊದಲು ಕತ್ತರಿ ಕೊಟ್ಟು ಕಲಿಸಿದವರು, ಸಾಲಿಗೆ ಹಿರಿಯರು. ಕೆಲಸ ಮುಗಿದ ಮೇಲೆ ಯಾರೋ ನನ್ನ ಕೈ ನೋಡಿ ಕೋಳಿ ಕಾಲು ಎಂದು ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಲೆಯಿಂದ ಒಂದು ಕೆಂಡವನ್ನು ಅದೇ ಎಡಗೈಯಲ್ಲಿ ಎತ್ತಿ, ನಿಧಾನವಾಗಿ ಬೀಡಿ ಹಚ್ಚಿಕೊಂಡೆ. ಹಲ್ಲು ಕಚ್ಚಿದ್ದು ಕಾಣದ ಹಾಗೆ ಹೊಗೆ ಬಿಟ್ಟೆ.

"ನೋಡ್ರಿ, ಈ ಕೈಗೆ ಏನೂ ಆಗಲ್ಲ" ಅಂದೆ.

ಯಾರೂ ನಗಲಿಲ್ಲ.

ಅದಕ್ಕೆ ಹತ್ತು ದಿನ ಮೊದಲು ಸರ್ಕಾರದ ಆರೋಗ್ಯ ಇಲಾಖೆಯವರು ಶಾಲೆಯ ಬಯಲಿನಲ್ಲಿ ಚಿತ್ರ ತೋರಿಸಿ ಹೋಗಿದ್ದರಂತೆ. ಬೆರಳು ಮುದುರಿದ ಕೈ. ಬೆಂಕಿ ತಾಕಿದರೂ ಗೊತ್ತಾಗದ ಕೈ. ಹೀಗಿದ್ದರೆ ಕುಷ್ಠ ಇರಬಹುದು, ಬಂದು ತೋರಿಸಿಕೊಳ್ಳಿ ಎಂದು ಹೇಳಿದ್ದರಂತೆ. ನಾನು ಆಗ ಕುರಿ ಮಂದೆಯ ಜೊತೆ ಹೊಲದಲ್ಲಿದ್ದೆ. ಊರಿಗೆ ಊರೇ ನೋಡಿತ್ತು, ನನ್ನೊಬ್ಬನನ್ನು ಬಿಟ್ಟು.

ಮಳೆಗಾಲ ಕಳೆದು ಮುಂದಿನ ಮುಯ್ಯಿ ಬಂತು. ನನ್ನನ್ನು ಯಾರೂ ಕರೆಯಲಿಲ್ಲ, ನನ್ನ ರೊಪ್ಪಕ್ಕೂ ಯಾರೂ ಬರಲಿಲ್ಲ. ನೆಂಟರ ಮನೆಯಲ್ಲಿ ನೀರು ಕೇಳಿದರೆ ಚೊಂಬು ಕೈಗೆ ಕೊಡದೆ ಮೇಲಿನಿಂದ ಬೊಗಸೆಗೆ ಹೊಯ್ದರು. ಬಾಯಿ ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ನಾನೂ ಹೆಂಡತಿ ಕೆಂಚಮ್ಮನೂ ನಮ್ಮ ಕುರಿಗಳನ್ನು ನಾವೇ ಕತ್ತರಿಸಿದೆವು. ಒಂದು ದಿನದ ಕೆಲಸಕ್ಕೆ ಹನ್ನೆರಡು ದಿನ ಹಿಡಿಯಿತು. ಕೊನೆಯ ದಿನ ಅವಳು ಕುರಿಯ ಕಾಲು ಹಿಡಿದುಕೊಂಡೇ ಅತ್ತಳು. ಶಾಲೆಯ ಬಯಲಿನ ಚಿತ್ರದ ವಿಷಯ ಅವಳ ಬಾಯಿಂದ ನನಗೆ ತಿಳಿದದ್ದು ಆಗಲೇ.

"ಅವತ್ತು ಕೆಂಡ ಸುಡ್ತೋ ಇಲ್ವೋ? ನನ್ನಾಣೆ ಐತೆ, ನಿಜ ಹೇಳು."

ಸುಟ್ಟಿತು ಅಂದೆ. ಬೊಬ್ಬೆ ಎದ್ದದ್ದನ್ನು ವಾರವೆಲ್ಲ ಟವೆಲ್ಲಿನಲ್ಲಿ ಮುಚ್ಚಿಕೊಂಡು ತಿರುಗಿದೆ ಅಂದೆ. ಅವಳು ನನ್ನ ಮುಖ ನೋಡಿದ ರೀತಿ ನಾನು ಬರೆಯಲಾರೆ. ಮರುದಿನವೇ ಹಿರಿಯೂರಿಗೆ ಕರೆತಂದು ಚಿತ್ರದುರ್ಗದ ಬಸ್ಸು ಹತ್ತಿಸಿ, ತಾನೂ ಜೊತೆಗೆ ಬಂದಳು.

ಆಸ್ಪತ್ರೆಯ ಬೆಂಚಿನಲ್ಲಿ ಕುಷ್ಠದ ಹಿರಿಯರೊಬ್ಬರು ಕುಂತಿದ್ದರು, ಎರಡೂ ಕೈಗೆ ಬ್ಯಾಂಡೇಜು. ಪಕ್ಕದಲ್ಲಿ ಜಾಗವಿತ್ತು. ನಾನು ಕೂರಲಿಲ್ಲ, ಎರಡು ಗಂಟೆ ನಿಂತೇ ಇದ್ದೆ. ನನ್ನನ್ನು ದೂರ ಇಟ್ಟವರ ಮೇಲೆ ಹಲ್ಲು ಕಡಿಯುತ್ತ ಬಂದವನು ನಾನು.

ಡಾಕ್ಟರು ಕೈ ಹಿಡಿದು ನೋವಿದೆಯಾ ಎಂದು ಕೇಳಿದರು. ಇಲ್ಲ ಸಾರ್ ಅಂದೆ. ಎಷ್ಟು ತಿಂಗಳ ಅಭ್ಯಾಸ! ಅವರ ಮುಖ ಗಂಭೀರವಾಯಿತು.

"ಸುಳ್ಳು ಹೇಳ್ತೈತೆ ಸ್ವಾಮಿ ಈಯಪ್ಪ. ಕಂಬಳಿ ಬಾಯಿಗೆ ತುರುಕ್ಕಂಡು ನರಳ್ತೈತೆ" ಅಂದಳು ಕೆಂಚಮ್ಮ.

ಕಣ್ಣು ಮುಚ್ಚಿಸಿ ಹತ್ತಿಯಲ್ಲಿ ಸವರಿದರು, ಪಿನ್ನಿನಲ್ಲಿ ಚುಚ್ಚಿದರು. ಮೈಮೇಲೆ ಮಚ್ಚೆ ಹುಡುಕಿದರು, ಮೊಣಕೈ ಹಿಂದಿನ ನರ ಮುಟ್ಟಿ ನೋಡಿದರು. ಕೊನೆಗೆ ಗಂಟನ್ನೇ ಹೆಬ್ಬೆರಳಿನಿಂದ ಅದುಮಿದರು. ಕಿರುಚಿಬಿಟ್ಟೆ.

"ಕುಷ್ಠ ಅಲ್ಲಪ್ಪ ಇದು. ನಿನ್ನ ಕೈಗೆ ಎಲ್ಲಾ ಗೊತ್ತಾಗುತ್ತಿದೆ" ಎಂದರು ಡಾಕ್ಟರು.

ಡುಪ್ಯುಟ್ರೆನ್ಸ್ ಕಾಂಟ್ರಾಕ್ಚರ್ ಎಂದು ಚೀಟಿಯಲ್ಲಿ ಬರೆದರು. ಅಂಗೈ ಚರ್ಮದ ಕೆಳಗಿನ ಪದರ ದಪ್ಪವಾಗಿ, ಹುರಿಗಟ್ಟಿ ಬೆರಳನ್ನು ಎಳೆಯುತ್ತದಂತೆ. ಯಾರಿಗೂ ಅಂಟುವುದಿಲ್ಲ. ಇಷ್ಟು ನೋವು ಎಳೆದು ಕಟ್ಟಿದ್ದಕ್ಕೆ, ಇನ್ನು ಹಾಗೆ ಕಟ್ಟಬಾರದು. ಇನ್ನೂ ಬಾಗಿದರೆ ಆಪರೇಷನ್ ಮಾಡಬಹುದು, ಮಾಡಿದ ಮೇಲೂ ಮರಳಿ ಬರಬಹುದು. ಕುಷ್ಠವೇ ಆಗಿದ್ದರೂ ಮಾತ್ರೆ ಇದೆ, ಮನುಷ್ಯರನ್ನು ದೂರ ಇಡುವಂಥದ್ದು ಅದರಲ್ಲಿ ಏನಿದೆ ಎಂದು ಅವರೇ ಸೇರಿಸಿದರು. ಹೊರಗೆ ಬಂದು ಬೆಂಚಿನಲ್ಲಿ ಆ ಹಿರಿಯರ ಪಕ್ಕ ಕುಂತೆ. ಜನ ದೂರ ಇಟ್ಟೇ ರೂಢಿಯಾದವರು, ಅವರು ತಾವಾಗಿಯೇ ಅತ್ತ ಸರಿದರು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ದೊಡ್ಡಪ್ಪನ ರೊಪ್ಪದಲ್ಲಿ ಮುಯ್ಯಿ. ಕರೆಯದೆಯೇ ಹೋದೆ. ಕತ್ತರಿಗಳ ಸದ್ದು ನಿಂತಿತು. ಚೀಟಿ ಚಾಚಿದೆ. ದೊಡ್ಡಪ್ಪನಿಗೆ ಓದು ಬಾರದು. ಓದು ಬರುವ ಇಬ್ಬರಿಗೂ ಅದು ಇಂಗ್ಲಿಷು. ಚೀಟಿ ಕೈಯಲ್ಲೇ ಉಳಿಯಿತು. ಇನ್ನು ಹೇಳುವುದೊಂದೇ ಬಾಕಿ.

"ದೊಡ್ಡಪ್ಪ, ಕೈ ನೋಯ್ತೈತೆ. ಬೇಸಿಗೆಯಿಂದ ನೋಯ್ತೈತೆ. ಅವತ್ತು ಜಂಬಕ್ಕೆ ಸುಳ್ಳು ಹೇಳ್ದೆ."

ಅಷ್ಟು ಹೇಳುವಷ್ಟರಲ್ಲಿ ಬೆವತುಹೋದೆ. ದೊಡ್ಡಪ್ಪ ಎದ್ದು ಬಂದರು. ಕೆಂಚಮ್ಮನನ್ನೂ ಡಾಕ್ಟರನ್ನೂ ಬಿಟ್ಟು ಆರು ತಿಂಗಳಿಂದ ಯಾರೂ ಮುಟ್ಟದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಗಂಟನ್ನು ಹುಡುಕಿ ಒತ್ತಿದರು. ಸಾಲಿನವರೆಲ್ಲ ಕೇಳುವ ಹಾಗೆ ಕೂಗಿಕೊಂಡೆ.

"ಇಷ್ಟು ನೋಯೋದನ್ನ ಅವತ್ತೇ ಒದರಬಾರದೇನಲೇ" ಎಂದರು. ತಮ್ಮ ಪಕ್ಕದವನನ್ನು ಸರಿಸಿ ನನ್ನನ್ನು ಕೂರಿಸಿಕೊಂಡರು. ಕತ್ತರಿ ಕೊಡಲಿಲ್ಲ, ಕುರಿಯ ಹಿಂಗಾಲು ಹಿಡಿ ಅಂದರು. ಬಲಗೈಯಲ್ಲಿ ಹಿಡಿದೆ. ಎಡಗೈ ಇನ್ನೂ ಅವರ ತೊಡೆಯ ಮೇಲಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಪಾಪ, ನೋವಿಗೆ ಅಳ್ತಾನೆ ಎಂದು ಯಾರೋ ಅಂದರು. ಇಲ್ಲ ಅನ್ನಲು ಬಾಯಿ ತೆರೆದವನು, ಸುಮ್ಮನಾದೆ.