ನೇರಳೆ ಶಾಯಿಯ ಸಂಪಾದಕ

ಹೋದ ವಾರ ಕುರ್ಚಿಯ ಮುರಿದ ಕಾಲು ಕೂಡಿಸಲು ಬಡಗಿ ಬಂದಿದ್ದ. ಅವನು ಮರವಜ್ರ ಕಾಯಿಸಿ ಹಚ್ಚುತ್ತಾನೋ, ಇಲ್ಲ ಎರಡು ಮೊಳೆ ಹೊಡೆದು ಕೈತೊಳೆದುಕೊಳ್ಳುತ್ತಾನೋ ಎಂದು ನೋಡಲು ನಾನು ಅವನ ಎದುರಿಗೇ ಕೂತೆ. ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಮನೆಯವರು ನಕ್ಕರೂ ಸರಿ. ಅವನು ತಗಡಿನ ಡಬ್ಬಿಯಲ್ಲಿ ಅಂಟು ಕುದಿಸತೊಡಗಿದ. ಸುಟ್ಟ ಚರ್ಮದಂಥ ಆ ಕೆಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಮಗಳೂರಿನ ನಮ್ಮ ಹಾಸ್ಟೆಲಿನ ಹಿಂದಿನ ಜಗಲಿ ನೆನಪಾಯಿತು. ಅಲ್ಲಿ ಸೌದೆ ಒಲೆಯ ಮುಂದೆ ಕೂತು ಇದೇ ಅಂಟನ್ನು ತಿರುವುತ್ತಿದ್ದ ನಮ್ಮ ಸಂಪಾದಕನೂ...

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮೂಡಿಗೆರೆ, ಬಣಕಲ್, ಕಳಸದ ಕಡೆಯಿಂದ ಓದಲು ಬಂದ ಹುಡುಗರು ಆ ಹಾಸ್ಟೆಲಿನಲ್ಲಿದ್ದೆವು. ನಮ್ಮಲ್ಲಿ ಐವರು ಸೇರಿ ತಿಂಗಳಿಗೊಂದು ಪತ್ರಿಕೆ ಮಾಡುತ್ತಿದ್ದೆವು. ಅಚ್ಚುಮೊಳೆ, ಯಂತ್ರ ಯಾವುದೂ ಇಲ್ಲ. ಮರವಜ್ರಕ್ಕೆ ಗ್ಲಿಸರಿನ್ ಸೇರಿಸಿ ಕಾಯಿಸಿ ಅಗಲವಾದ ತಟ್ಟೆಗೆ ಹೊಯ್ದರೆ ಹಲ್ವದ ಹಾಗೆ ಹೆಪ್ಪುಗಟ್ಟುತ್ತಿತ್ತು. ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಕವುಚಿ ಒತ್ತಿದರೆ ಅಕ್ಷರ ಅಂಟಿಗೆ ಇಳಿಯುತ್ತಿತ್ತು. ಆಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಒತ್ತಿ ತೆಗೆದರೆ ಮೂವತ್ತು ಪ್ರತಿ ಸಿಗುತ್ತಿದ್ದವು. ಕೊನೆಕೊನೆಯವನ್ನು ಓದಲು ಕಣ್ಣು ಕಿರಿದು ಮಾಡಬೇಕಾಗುತ್ತಿತ್ತು. ಐವರ ಬೆರಳಿಗೂ ಅಂಟಿದ ಬಣ್ಣ ವಾರಗಟ್ಟಲೆ ಹೋಗುತ್ತಿರಲಿಲ್ಲ.

ಸಂಪಾದಕ ನನಗಿಂತ ಒಂದು ತರಗತಿ ಮುಂದಿದ್ದ. ಅವನ ತಂದೆ ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಎಸ್ಟೇಟುಗಳಲ್ಲಿ ಬೆಳಿಗ್ಗೆ ಆಳುಗಳ ಹೆಸರು ಕೂಗಿ ಕೆಲಸ ಹಂಚುವುದಕ್ಕೆ ಮಸ್ಟರ್ ಎನ್ನುತ್ತಾರೆ. ಇವನು ಅದನ್ನೇ ಪತ್ರಿಕೆಗೂ ತಂದಿದ್ದ. ಸಂಜೆ ಜಗಲಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದ, ನಾವು 'ಓ' ಎನ್ನಬೇಕು. ಓ ಎಂದವನಿಗೆ ಆ ದಿನದ ಕೆಲಸ. ತಟ್ಟೆ ತೊಳೆಯುವ ಹೊಲಸು ಕೆಲಸ ಮಾತ್ರ ಯಾವಾಗಲೂ ಅವನದೇ.

ಅವನು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ನಾನು ಬರೆದ್ರೆ ತಿದ್ದಲಿಕ್ಕೆ ನಿಮಗೆ ದಾಕ್ಷಿಣ್ಯ ಆಗ್ತದೆ ಮಾರಾಯ" ಎನ್ನುತ್ತಿದ್ದ. ಯಾರದಾದರೂ ಲೇಖನ ಬೇಡವೆನಿಸಿದರೆ ಎಲ್ಲರೆದುರು ಓದಿ, ಅದರಲ್ಲಿ ಚೆನ್ನಾಗಿದ್ದ ಒಂದು ವಾಕ್ಯವನ್ನು ಎರಡು ಸಲ ಓದಿ, ಆಮೇಲೆ ಹಿಂದಕ್ಕೆ ಕೊಡುತ್ತಿದ್ದ. ಹಾಗೆ ಪೆಟ್ಟು ತಿಂದವನೂ ಮರುದಿನ ಎಲ್ಲರಿಗಿಂತ ಮುಂಚೆ ಜಗಲಿಗೆ ಬರುತ್ತಿದ್ದ. ಎಲ್ಲಕ್ಕಿಂತ ಅಚ್ಚುಕಟ್ಟಾದ ಮೊದಲ ಪ್ರತಿ ಬರೆದವನಿಗಲ್ಲ, ಆ ತಿಂಗಳು ಅಂಟು ಕಾಯಿಸಿದವನಿಗೆ. ನನಗೆ ಇದೆಲ್ಲ ನಾಟಕ ಅನ್ನಿಸುತ್ತಿತ್ತು. ಇಷ್ಟು ಒಳ್ಳೆಯತನ ಇಟ್ಟುಕೊಂಡು ಇವನು ಯಾರಿಂದ ಏನು ಗಿಟ್ಟಿಸಬೇಕೆಂದಿದ್ದಾನೆ ಎಂದು ಹೊಂಚಿ ನೋಡುತ್ತಿದ್ದೆ. ಏನೂ ಸಿಗದಿದ್ದಾಗ ಅನುಮಾನ ಇನ್ನೂ ಬಲವಾಯಿತು.

ಅಷ್ಟರಲ್ಲಿ ಪೇಟೆಯ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಒಂದು ಕರಪತ್ರ ಕಾಣಿಸಿಕೊಂಡಿತು. ಅದೂ ನೇರಳೆ ಶಾಯಿಯಲ್ಲಿ. ಅದು ನಮ್ಮದಲ್ಲ. ಆದರೆ ನಮ್ಮ ಬೆರಳುಗಳನ್ನು ನೋಡಿದವರು ಯಾರು ನಂಬುತ್ತಾರೆ? ಪೊಲೀಸ್ ಠಾಣೆಯ ರೈಟರ್ ಹಾಸ್ಟೆಲಿಗೆ ಬಂದು, ವಾರ್ಡನ್ನರ ಮೇಜಿನ ಮೇಲೆ ಪುಸ್ತಕ ಬಿಚ್ಚಿ ನಮ್ಮೆಲ್ಲರ ಹೆಸರು, ಊರು ಬರೆದುಕೊಂಡು ಹೋದ. ನಮ್ಮ ಮುಂದಿನ ಸಂಚಿಕೆಗೆಂದು ಕಳಸದ ಹುಡುಗ ಬಾವುಟ ಹಿಡಿದ ಮೆರವಣಿಗೆಯ ಚಿತ್ರ ಬರೆದು, ಕೆಳಗೆ ತನ್ನ ಹೆಸರನ್ನೂ ಹಾಕಿದ್ದ. ಅದು ಯಾರ ಕೈಗಾದರೂ ಸಿಕ್ಕಿದರೆ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಎರಡು ದಿನ ಕಳೆದಿರಬೇಕು. ಮಧ್ಯಾಹ್ನ ಹಿಂಬಾಗಿಲ ಹತ್ತಿರ ಸಂಪಾದಕ ಒಬ್ಬ ಖಾಕಿ ಅಂಗಿಯವನ ಕೈಗೆ ಬಟ್ಟೆಯ ಗಂಟೊಂದನ್ನು ಕೊಡುತ್ತಿದ್ದುದು ಕಂಡಿತು. ನನಗೆ ಕಂಡದ್ದು ಖಾಕಿಯ ಬೆನ್ನು ಮಾತ್ರ. "ರೈಟರ್ ಕೈಗೇ ಕೊಡಿ. ಬೇರೆ ಯಾರ ಕೈಗೂ ಬೇಡ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ಓಡಿಹೋಗಿ ನಮ್ಮ ಕಾಗದಪತ್ರ ಇಡುತ್ತಿದ್ದ ಟ್ರಂಕು ತೆರೆದೆ. ಖಾಲಿ! ಎಲ್ಲವೂ ಪೊಲೀಸರ ಕೈಗೆ ಹೋಯಿತು ಎಂದುಕೊಂಡೆ. ಜೊತೆಗೆ, ನಾಚಿಕೆಯಿಂದ ಹೇಳುತ್ತಿದ್ದೇನೆ, ಒಂದು ಥರದ ಸಂತೋಷವೂ ಆಯಿತು. ನೋಡಿ, ನಾನು ಮೊದಲೇ ಅಂದುಕೊಂಡಿದ್ದೆ!

ಉಳಿದ ಮೂವರಿಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ಖಾಲಿ ಟ್ರಂಕು ತೋರಿಸಿದ ಮೇಲೆ ಕಳಸದವನ ಮುಖ ಬಿಳಿಚಿಕೊಂಡಿತು. ಆ ಸಂಜೆ ಸಂಪಾದಕ ಎಂದಿನಂತೆ ಜಗಲಿಗೆ ಬಂದು ಮಸ್ಟರ್ ಕೂಗಿದ. ಕಳಸದವನ ಹೆಸರು ಕೂಗಿದ, ಅವನು ಓ ಎನ್ನಲಿಲ್ಲ. ಇನ್ನಿಬ್ಬರೂ ಸುಮ್ಮನಿದ್ದರು. ನನ್ನ ಹೆಸರು ಬಂದಾಗ ನಾನು, "ಹೋಗಿ ನಿನ್ನ ರೈಟರನ್ನೇ ಕರಿ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಎಂಥದು ಮಾರಾಯ?" ಎಂದ. ಆಮೇಲೆ ಏನೋ ಹೇಳಲು ಬಾಯಿ ತೆರೆದವನು ಒಮ್ಮೆಲೇ ತಡೆದುಕೊಂಡ. ತಿರುಗಿ ನೋಡಿದರೆ ಬಾಗಿಲಲ್ಲಿ ವಾರ್ಡನ್ನರು ನಿಂತಿದ್ದರು. ಅವರನ್ನು ಕಂಡು ಅವನು ಮಾತು ನುಂಗಿದ್ದನ್ನೂ ನಾನು ತಪ್ಪಿತಸ್ಥನ ಲಕ್ಷಣವೆಂದೇ ಎಣಿಸಿದೆ.

ಮರುದಿನ ವಾರ್ಡನ್ನರು ಎಲ್ಲರ ಪೆಟ್ಟಿಗೆ ಜಾಲಾಡಿದರು. ಒಂದು ಚೂರು ಕಾಗದವೂ ಸಿಗಲಿಲ್ಲ. ನಮ್ಮನ್ನು ಸಾಲಾಗಿ ನಿಲ್ಲಿಸಿ, "ಈ ಪತ್ರಿಕೆ ಯಾರದು?" ಎಂದು ಕೇಳಿದರು.

"ನಂದು ಸಾರ್. ಸಂಪಾದಕ ನಾನು."

"ಬರೆದ ಕಾಗದ ಎಲ್ಲಿ?"

"ಅದನ್ನು ಹೇಳುವುದಿಲ್ಲ ಸಾರ್."

ಅವರು ಮೂರು ಸಲ ಕೇಳಿದರು. ಮೂರನೆಯ ಸಲವೂ ಅವನದು ಅದೇ ಉತ್ತರ. ಸಂಜೆಯೊಳಗೆ ಅವನು ಹಾಸಿಗೆ ಸುತ್ತಿಕೊಂಡು ಹೊರಟ. ನಾವು ನಾಲ್ವರಲ್ಲಿ ಒಬ್ಬರೂ ಗೇಟಿನವರೆಗೆ ಹೋಗಲಿಲ್ಲ. ಪೊಲೀಸರಿಗೆ ಕೊಟ್ಟವನೇ ತಪ್ಪು ಹೊತ್ತವನ ಹಾಗೆ ನಟಿಸಿ ಜಾರಿಕೊಂಡ ಎಂದು ನಾನು ವಿವರಿಸಿ ಹೇಳಿದೆ. ಪೊಲೀಸರು ಮತ್ತೆ ಯಾಕೆ ಬರಲಿಲ್ಲ ಎಂಬುದನ್ನು ಮಾತ್ರ ವಿವರಿಸಲಾಗಲಿಲ್ಲ. ಪತ್ರಿಕೆ ನಿಂತಿತು. ನಾವು ಒಬ್ಬರನ್ನೊಬ್ಬರು ಕಂಡರೆ ಪುಸ್ತಕ ಮುಚ್ಚಿಡುವ ಹಾಗಾಯಿತು.

ಬೇಸಿಗೆ ರಜಕ್ಕೆ ಮೂಡಿಗೆರೆಯ ಮನೆಗೆ ಬಂದಿದ್ದೆ. ಒಂದು ದಿನ ಮಾಸಿದ ಕೋಟು ತೊಟ್ಟ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. "ನೀವೇ ಅಲ್ವಾ ಪತ್ರಿಕೆಯವರು? ನಾನು ಬಣಕಲ್ ಕಡೆ ಎಸ್ಟೇಟ್ ರೈಟರ್. ನಮ್ಮ ಹುಡುಗ ಬಸ್ ಕಂಡಕ್ಟರ್ ಕೈಲಿ ಇದನ್ನು ಕಳಿಸಿದ್ದ. ರಗಳೆ ತಣ್ಣಗಾದ ಮೇಲೆ ನಿಮ್ಮ ಕೈಗೇ ಕೊಡಬೇಕು ಅಂತ ಹೇಳಿದ್ದಾನೆ" ಎಂದು ಅದೇ ಬಟ್ಟೆಯ ಗಂಟನ್ನು ಮುಂದಿಟ್ಟರು.

ಕಂಡಕ್ಟರನೂ ಖಾಕಿಯನ್ನೇ ತೊಡುತ್ತಾನೆ. ಎಸ್ಟೇಟಿನಲ್ಲೂ ರೈಟರ್ ಇರುತ್ತಾನೆ. ಸ್ವಂತ ಅಪ್ಪನನ್ನು ಯಾರಾದರೂ ರೈಟರ್ ಎನ್ನುತ್ತಾರೆಯೇ? ಬಸ್ಸಿನವನಿಗೆ ಗುರುತು ಸಿಗಬೇಕಾದರೆ ಎನ್ನಲೇಬೇಕು. ಕಾಫಿ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇಷ್ಟು ಹೊಳೆಯಲಿಲ್ಲ.

ಗಂಟಿನಲ್ಲಿ ಕಳಸದವನ ಚಿತ್ರವಿತ್ತು, ನಮ್ಮೆಲ್ಲರ ಲೇಖನಗಳಿದ್ದವು. ಮೇಲೊಂದು ಚೀಟಿ: 'ವಾರ್ಡನ್ನರು ನಾಳೆ ಪೆಟ್ಟಿಗೆ ನೋಡುತ್ತಾರಂತೆ, ಅದಕ್ಕೇ ಇದನ್ನು ಕಳಿಸುತ್ತಿದ್ದೇನೆ. ನನ್ನನ್ನು ಹೊರಗೆ ಹಾಕಿದರೆ ಮುಂದಿನ ಸಂಪಾದಕ ನೀನು. ನೀನು ಯಾವುದನ್ನೂ ಸುಮ್ಮನೆ ಒಪ್ಪುವವನಲ್ಲ, ಪತ್ರಿಕೆಗೆ ಅಂಥವನೇ ಬೇಕು.' ಆಮೇಲೆ ಬರೆದು ಸೇರಿಸಿದ್ದಿರಬಹುದೇ ಎಂದು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಆಗಲೂ ನನ್ನ ಬುದ್ಧಿ ಹೋಗಿದ್ದು ಅಲ್ಲಿಗೇ! 'ನಾಳೆ' ಎಂಬ ಮಾತನ್ನು ಎರಡನೆಯ ಸಲ ಓದಿದಾಗ, ಅದು ನಾನು ಆ ಮಾತಾಡುವುದಕ್ಕೆ ಮೊದಲೇ, ಗಂಟು ಕೊಟ್ಟ ದಿನವೇ ಬರೆದದ್ದೆಂದು ತಿಳಿಯಿತು.

"ಅವನೆಲ್ಲಿ ಈಗ?" ಎಂದೆ.

"ಓದು ಬಿಟ್ಟ. ಕಳಸದ ಆಚೆ ಒಂದು ಎಸ್ಟೇಟಲ್ಲಿ ರೈಟರ್ ಆಗಿ ಸೇರಿದ್ದಾನೆ" ಎಂದರು. ನನ್ನ ಮಾತಿನ ಬಗ್ಗೆ ಅವನು ಮನೆಯಲ್ಲಿ ಏನೂ ಹೇಳಿರಲಿಲ್ಲ ಎಂದು ಅವರು ನನಗೆ ಕೈಮುಗಿದು ಹೊರಟಾಗಲೇ ತಿಳಿಯಿತು.

ಹೋಗಿ ಕ್ಷಮೆ ಕೇಳಬೇಕೆಂದಿದ್ದೆ. ಮೊದಲು ಮಳೆ ಎಂದೆ, ಆಮೇಲೆ ಪರೀಕ್ಷೆ ಎಂದೆ... ಮಾರನೆಯ ವರ್ಷ ಮಲೇರಿಯಾದಲ್ಲಿ ಅವನು ಹೋದ ಸುದ್ದಿ ಬಂತು. ಪತ್ರಿಕೆಯನ್ನು ನಾನು ಮತ್ತೆ ಹೊರಡಿಸಲಿಲ್ಲ. ಹೆಸರು ಕೂಗಿದರೆ ಓ ಎನ್ನುವವರು ನನಗೆ ಸಿಗುತ್ತಿರಲಿಲ್ಲ.

ಈಗ ಈ ವಯಸ್ಸಿನಲ್ಲಿ ಬಡಗಿಯನ್ನು ಕೇಳುತ್ತೇನೆ, ಹಾಲಿನವನನ್ನು ಕೇಳುತ್ತೇನೆ, ಔಷಧಿ ಕೊಡುವ ಡಾಕ್ಟರನ್ನೂ ಬಿಡುವುದಿಲ್ಲ. ಒಂದಕ್ಕೆ ಹತ್ತು ಪ್ರಶ್ನೆ. ಆ ಸಂಜೆ ಜಗಲಿಯಲ್ಲಿ ಒಂದೇ ಒಂದು ಸಾಕಿತ್ತು: ಯಾವ ರೈಟರ್, ಮಾರಾಯ? ಅದನ್ನು ನಾನು ಕೇಳಲಿಲ್ಲ.