ಸೋದರಮಾವನ ಎಲೆಯೂ ಶುಗರ್ ಮಾತ್ರೆಯೂ

ಅರಕಲಗೂಡಿನ ಬೋರೇಗೌಡ ನನ್ನ ಷಡ್ಡಕ. ಅವನ ಹೊಗೆಸೊಪ್ಪಿನ ಹೊಲ, ಹೊಸ ಕಾರು, ಇನ್ನೂ ಕಪ್ಪಗೇ ಉಳಿದಿರುವ ತಲೆಗೂದಲು, ಯಾವುದರ ಮೇಲೂ ನಾನು ಕಣ್ಣು ಹಾಕಿದವನಲ್ಲ. ಕಳೆದ ಭಾನುವಾರ ಅವನ ಕರುಳಿನ ಮೇಲೆ ಹಾಕಿದೆ.

ಕರುಳು ಕಂಡು ಯಾರಾದರೂ ಅಸೂಯೆಪಡುತ್ತಾರೆಯೇ? ಶುಗರ್ ಮಾತ್ರೆ ಶುರುವಾಗಲಿ, ನೀವೂ ಪಡುತ್ತೀರಿ.

ನಮ್ಮಿಬ್ಬರಿಗೂ ಹಾಸನದ ಒಬ್ಬರೇ ಡಾಕ್ಟರು. ಅದೇ ಮಾತ್ರೆ, ಅದೇ ಪವರ್ರು. ನುಂಗಿದ ಬೋರೇಗೌಡ ಬಂಡೆಯ ಹಾಗೆ ಕೂತಿರುತ್ತಾನೆ. ನಾನು ನುಂಗಿದರೆ ಮೊದಲು ಹೊಟ್ಟೆಯಲ್ಲಿ ಗುಡುಗು, ಆಮೇಲೆ ಓಟ. ಹಾಸನದಿಂದ ಚನ್ನರಾಯಪಟ್ಟಣದವರೆಗೆ ಯಾವ ಹೋಟೆಲಿನ ಹಿಂದೆ ಶೌಚಾಲಯವಿದೆ, ಯಾವುದಕ್ಕೆ ಚಿಲಕವಿಲ್ಲ, ಕೇಳಿ ಹೇಳುತ್ತೇನೆ. (ಇದೂ ಒಂದು ಸ್ಥಳಪುರಾಣವೇ.)

ಡಾಕ್ಟರು 'ಊಟದ ಜೊತೆ ತಗೊಳ್ಳಿ' ಎಂದಿದ್ದರು. ಆದರೆ ಔಷಧವನ್ನು ಅನ್ನ ಸಾರಿನ ಜೊತೆ ಸೇರಿಸುವುದು ಔಷಧಕ್ಕೆ ಮಾಡುವ ಅಗೌರವ ಎಂಬುದು ನಮ್ಮ ಮನೆತನದ ನಂಬಿಕೆ. ನಮ್ಮಪ್ಪ ಜ್ವರದ ಕಷಾಯವನ್ನೂ ಬರಿಹೊಟ್ಟೆಯಲ್ಲಿ, ಪೂರ್ವಕ್ಕೆ ಮುಖ ಮಾಡಿಯೇ ಕುಡಿಯುತ್ತಿದ್ದರು. ನಾನು ಅವರ ಮಗ.

ಭಾನುವಾರ ಹಳ್ಳಿಮೈಸೂರಿನಲ್ಲಿ ಬೀಗರ ಊಟ. ನನ್ನ ಅಕ್ಕನ ಮಗಳನ್ನು ತಂದುಕೊಂಡ ಮನೆಯವರು ಕರೆದಿದ್ದರು. ಮೊದಲ ಪಂಕ್ತಿಯ ಮೊದಲ ಎಲೆ ಹುಡುಗಿಯ ಸೋದರಮಾವನದು. ಅಂದರೆ ನನ್ನದು. ಈ ಜನ್ಮದಲ್ಲಿ ಅರ್ಜಿ ಹಾಕದೆ ನನಗೆ ಸಿಕ್ಕ ಏಕೈಕ ಪದವಿ! ಆ ಎಲೆಯ ಮುಂದೆ ಕೂತವನು ಪಂಕ್ತಿ ಏಳುವ ಮೊದಲೇ ಎದ್ದರೆ ಅರ್ಥ ಒಂದೇ: ಬೀಗರ ಬಾಡೂಟದಲ್ಲಿ ಏನೋ ಕೊರತೆ. ಇಷ್ಟಕ್ಕೇ ಮಾತು ಬಿಟ್ಟು ಕೂತ ಮನೆಗಳನ್ನು ನಾನು ಬಲ್ಲೆ.

ಮಾಂಸಕ್ಕೆ ಜಾಗ ಇರಲಿ ಎಂದು ಬೆಳಗಿನ ತಿಂಡಿ ಬಿಟ್ಟಿದ್ದೆ. 'ಇನ್ನೇನು ಎಲೆ ಹಾಕ್ತಾರೆ' ಎಂದರು. ಪೂರ್ವಕ್ಕೆ ತಿರುಗಿ ಮಾತ್ರೆ ನುಂಗಿದೆ. ಹೊಳೆನರಸೀಪುರದ ನೆಂಟರಿಗಾಗಿ ಕಾದು ಕಾದು, ಎಲೆ ಹಾಕುವ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಗುಡುಗು ಆಗಲೇ ಶುರುವಾಗಿತ್ತು.

ಮುದ್ದೆ ಬಂತು, ಸಾರು ಬಂತು. ನಾನು ಮುಟ್ಟಲಿಲ್ಲ.

"ಯಾಕ್ ಬೀಗ್ರೇ, ಮುದ್ದೆ ಮುರೀನೇ ಇಲ್ವಲ್ಲ? ಸಾರು ಇಡಿಸ್ನಿಲ್ವಾ?" ಎಂದರು ಎದುರು ನಿಂತು ಉಪಚಾರ ಮಾಡುತ್ತಿದ್ದ ಹುಡುಗನ ಅಪ್ಪ.

"ಆರಲಿ ಅಂತ," ಎಂದೆ, ಬೆವರೊರೆಸಿಕೊಳ್ಳುತ್ತ.

ಪಕ್ಕದ ಎಲೆಯಲ್ಲಿ ಬೋರೇಗೌಡ ಏನೋ ಕುಶಲ ಕೆಲಸ ಮಾಡುತ್ತಿದ್ದ. ಅರ್ಧ ಊಟವಾಗಿತ್ತು. ಒಂದು ತುತ್ತು ಮುದ್ದೆ ಮುರಿದು, ಅದರೊಳಗೆ ಮಾತ್ರೆ ಹುದುಗಿಸಿ, ಸಾರಿನಲ್ಲಿ ಹೊರಳಿಸಿ ಗುಳಕ್ಕನೆ ನುಂಗಿದ.

"ಏನಯ್ಯ ಅದು?"

"ಸುಗರ್ ಮಾತ್ರೆ ಕಣಣ್ಣ. ನೀರಲ್ಲಿ ನುಂಗಕ್ಕೆ ನಂಗೆ ದಿಗ್ಲು. ಗಂಟ್ಲಲ್ಲಿ ಸಿಕ್ಕಂಬುಟ್ರೆ? ಮುದ್ದೇಲಿಟ್ರೆ ಓಗಿದ್ದೇ ಗೊತ್ತಾಗಕಿಲ್ಲ."

"ಹೊಟ್ಟೆ ಕೆಡಲ್ವಾ?"

"ಒಟ್ಟೆಗೇನಾದಾತು, ಬುಡು!"

ಓದುಗರೇ, ಗಮನಿಸಿ. ಇದು ಜ್ಞಾನವಲ್ಲ, ಸಂಯಮವಲ್ಲ, ಡಾಕ್ಟರ ಮೇಲಿನ ಭಕ್ತಿಯೂ ಅಲ್ಲ. ಶುದ್ಧ ಪುಕ್ಕಲುತನ! ಅದಕ್ಕೆ ಇಂಥ ಫಲವೇ? ನಿಯಮ ನಿಷ್ಠೆಯಿಂದ ನುಂಗಿದವನಿಗೆ ಓಟ, ಹೆದರಿ ನುಂಗಿದವನಿಗೆ ಇನ್ನೊಂದು ಮುದ್ದೆ. ಅವನು ಆ ಇನ್ನೊಂದು ಮುದ್ದೆಯನ್ನು ಕೈ ಚಾಚಿ ಕೇಳುತ್ತಿದ್ದಾಗಲೇ ನಾನು ಎದ್ದೆ.

ಇಡೀ ಪಂಕ್ತಿ ತಿರುಗಿ ನೋಡಿತು. ಎದುರು ಸಾಲಿನಿಂದ ಅಕ್ಕ ಹಲ್ಲು ಕಚ್ಚಿ, "ಕೂತ್ಕಳೋ, ಮಾನ ಕಳೀಬ್ಯಾಡ" ಎಂದಳು.

"ಕೂತ್ರೇನೇ ಅಕ್ಕಾ ಅದು ಹೋಗೋದು," ಎಂದವನೇ ಹೊರಟೆ.

ಮರಳಿ ಬಂದಾಗ ಬೀಗರ ಮುಖ ಗಂಟಿಕ್ಕಿರುತ್ತದೆ ಎಂದುಕೊಂಡಿದ್ದೆ. ಇಡೀ ಪಂಕ್ತಿ ನಗುತ್ತಿತ್ತು. ನನ್ನ ಕರುಳಿನ ಸಮಾಚಾರವನ್ನು ಬೋರೇಗೌಡ ದೊಡ್ಡ ಗಂಟಲಲ್ಲಿ ಬಿತ್ತರಿಸಿ, ಮುದ್ದೆ ವಿಧಾನವನ್ನು ಬೋಧಿಸುತ್ತಿದ್ದ. ಬೀಗರು ತಮ್ಮ ಜೇಬಿನಿಂದಲೂ ಮಾತ್ರೆ ತೆಗೆದು, "ನಂದೂ ಇದೇ ಪಾಡು ಕಣ್ರೀ, ನಾಚ್ಕೆಗೆ ಯೋಳಿರ್ನಿಲ್ಲ" ಎನ್ನುತ್ತಿದ್ದರು. ಮಾನವೇನೋ ಉಳಿಯಿತು. ಆದರೆ ಬೋರೇಗೌಡ ಕೂತಿದ್ದದ್ದು ನನ್ನ ಎಲೆಯ ಮುಂದೆ.

"ಮೊದಲ್ನೆ ಎಲೆ ಖಾಲಿ ಬುಡಬಾರ್ದು ಅಂದ್ರು ಕಣಣ್ಣ," ಎಂದ, ನನ್ನ ಪಾಲಿನ ಮೂಳೆ ಚೀಪುತ್ತ.

ಮರುದಿನ ಡಾಕ್ಟರ ಬಳಿ ಹೋದೆ. "ಬೋರೇಗೌಡ್ರು ಮಾಡ್ತಿರೋದೇ ಸರಿ," ಎಂದರು. (ಈ ಮಾತಿಗೂ ಫೀಸು ತೆಗೆದುಕೊಂಡರು.) "ಬರಿಹೊಟ್ಟೇಲಿ ಬೇಡ, ಊಟದ ನಡುವೆ ತಗೊಳ್ಳಿ. ಜಗೀಬೇಡಿ, ಪುಡಿ ಮಾಡಬೇಡಿ. ಹೊಟ್ಟೆ ಕೆಟ್ಟಿತು ಅಂತ ನೀವೇ ನಿಲ್ಲಿಸಬೇಡಿ. ಆಗಲೂ ಒಗ್ಗದಿದ್ರೆ ಬನ್ನಿ, ಬೇರೆ ಥರದ್ದು ನೋಡೋಣ."

ಈಗ ಊಟದ ನಡುವೆಯೇ ನುಂಗುತ್ತೇನೆ, ಯಾವ ದಿಕ್ಕಿಗಾದರೂ ಸರಿ. ಗುಡುಗು ನಿಂತಿದೆ. ಆದರೆ ಮನೆಯಲ್ಲಿ ಮುದ್ದೆ ಬಡಿಸುವಾಗ ಹೆಂಡತಿ, "ನೋಡಿ, ನಮ್ಮ ತಂಗಿ ಯಜಮಾನ್ರು ಎಷ್ಟು ಬುದ್ಧಿವಂತರು" ಎನ್ನುವುದು ಮಾತ್ರ ನಿಂತಿಲ್ಲ.

ನಿನ್ನೆ ಬೀಗರು ಅಕ್ಕನಿಗೆ ಫೋನ್ ಮಾಡಿ, ಯುಗಾದಿಯ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಈಗಲೇ ಕರೆದಿದ್ದಾರೆ. "ಮೊದಲ್ನೆ ಎಲೇಗೆ ಬೋರೇಗೌಡ್ರೇ ಕೂರ್ಲಿ. ಸೋದರಮಾವ್ರಿಗೆ ಬಾಗ್ಲತ್ರ ಆಕುಸ್ತೀವಿ, ಅನ್ಕೂಲ ಆಯ್ತದೆ" ಎಂದರಂತೆ.

ಹೊಟ್ಟೆ ನೆಟ್ಟಗಾಗಿದೆಯೆಂದು ಡಾಕ್ಟರ ಸರ್ಟಿಫಿಕೇಟ್ ತೋರಿಸಿ ಇನ್ನು ನಾನು ಸೋದರಮಾವನಾಗಬೇಕೇ?